ಅಮ್ಮನ ಕೂದಲ ಸಿಕ್ಕು

ಪರೋಪಕಾರದ ಬಗ್ಗೆ ಯಾರಾದರೂ ಮೈಕಿನ ಮುಂದೆ ನಿಂತು ಮಾತಾಡತೊಡಗಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಎದ್ದು ಹೊರಗೆ ಹೋಗಿಬಿಡುತ್ತೇನೆ. ಮುದುಕಿಗೆ ಎಂತದೋ ತಲೆ ಕೆಟ್ಟಿದೆ ಅಂತ ಜನ ಹೇಳಿದರೆ ಹೇಳಲಿ. ಅಂಥ ಭಾಷಣ ಮಾಡಿ ಬಹುಮಾನ ತಕೊಂಡವಳು ನಾನೇ.

ಐವತ್ತರ ದಶಕದ ಕೊನೆ. ನಮ್ಮ ಮನೆ ಕುಲಶೇಖರದಲ್ಲಿ, ಇಗರ್ಜಿಯ, ಅಂದರೆ ಚರ್ಚಿನ, ಗಂಟೆ ಕೇಳುವಷ್ಟು ಹತ್ತಿರ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ಅಮ್ಮ ಪ್ರಾಥಮಿಕ ಶಾಲೆಯ ಟೀಚರು. ಅಮ್ಮನಿಗೆ ಟಿ.ಬಿ. ಬಂತು. ಡಾಕ್ಟರು, "ಸಣ್ಣ ಮಕ್ಕಳು ಕೋಣೆಯೊಳಗೆ ಹೋಗುವುದು ಬೇಡ" ಎಂದರು. ನನಗಾಗ ಹದಿನಾರು. ಅಲ್ಲಿಯವರೆಗೆ ಯಾರಾದರೂ ಸಣ್ಣವಳು ಅಂದರೆ ಜಗಳಕ್ಕೆ ನಿಲ್ಲುತ್ತಿದ್ದವಳು, ಅಂದಿನಿಂದ ಸಣ್ಣ ಮಗುವಾಗಿಬಿಟ್ಟೆ. ಬೆಳಿಗ್ಗೆ ಅಪ್ಪ ಅಮ್ಮನ ಮೈ ಒರೆಸಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಗಂಜಿಯ ಬಟ್ಟಲನ್ನು ಹೊಸ್ತಿಲಲ್ಲಿಟ್ಟು ಓಡಿಬರುತ್ತಿದ್ದೆ. ಅಮ್ಮ ಗೋಡೆ ಹಿಡಿದುಕೊಂಡು ಬಂದು ಅದನ್ನು ಎತ್ತಿಕೊಳ್ಳುತ್ತಿದ್ದಳು.

ಅಮ್ಮನ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಅವಳಿಗಿದ್ದ ಒಂದೇ ಒಂದು ಜಂಬ ಅದು. ಎರಡು ತಿಂಗಳು ಹೆಚ್ಚಿನ ಹೊತ್ತು ಮಲಗಿಯೇ ಇದ್ದು, ಕೈ ಎತ್ತಿ ಬಾಚುವ ತ್ರಾಣವೂ ಇಲ್ಲದೆ, ಅದು ತೆಂಗಿನ ನಾರಿನ ಮುದ್ದೆಯ ಹಾಗಾಯಿತು. ಅಪ್ಪನ ಅಕ್ಕ ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಂತು, "ಕತ್ತರಿಸಿ ಬಿಡುವುದೇ ಒಳ್ಳೇದು. ಇನ್ನು ಅದು ಯಾರಿಗೆ ಬೇಕು? ಭಾನುವಾರ ನಾನು ಕತ್ತರಿ ತರ್ತೇನೆ" ಎಂದರು. ಅಮ್ಮ ಗೋಡೆಯ ಕಡೆ ಹೊರಳಿ ಅತ್ತಳು. ರಕ್ತ ಕಾರಿದಾಗಲೂ ಅಳದವಳು. "ಕೂದಲೊಂದು ಇರಲಿ" ಅಂದಳು. ಅಪ್ಪ ಅಂಗಳಕ್ಕಿಳಿದರು. ನಾನೂ.

ಪಕ್ಕದ ಮನೆಯಲ್ಲಿ ಒಂದು ಬ್ಯಾರಿ ಮುಸ್ಲಿಮರ ಕುಟುಂಬ. ಗಂಡನಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಆ ಮನೆಯ ಹೆಂಗಸನ್ನು ಅವರ ಮಕ್ಕಳ ಹಾಗೆ ನಾವೂ ಉಮ್ಮ ಎನ್ನುತ್ತಿದ್ದೆವು. ಅವರೊಂದಿಗೆ ನಮ್ಮ ಮಾತೆಲ್ಲ ತುಳುವಿನಲ್ಲಿ; ಕನ್ನಡ ಅವರಿಗೆ ಬಾರದು. ಅತ್ತೆಯ ಮಾತು ಬೇಲಿಯಾಚೆಗೂ ಕೇಳಿರಬೇಕು. ಮರುದಿನ ಶುಕ್ರವಾರ ಊಟದ ಹೊತ್ತು ಕಳೆದ ಮೇಲೆ ಉಮ್ಮ ಒಂದು ಕುಪ್ಪಿ ತೆಂಗಿನೆಣ್ಣೆ, ಒಂದು ಮರದ ಬಾಚಣಿಗೆ ಹಿಡಿದು ಬಂದರು. ಯಾರನ್ನೂ ಕೇಳಲಿಲ್ಲ. ಸೀದಾ ಒಳಗೆ ಹೋಗಿ, ಹಾಸಿಗೆಯ ಮೇಲೆ ಕೂತು, ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಉಮ್ಮಾ, ಅದು ಅಂಟುವ ರೋಗ ಮಾರಾಯ್ರೆ!" ಎಂದು ನಾನು ಹೊಸ್ತಿಲಾಚೆಯಿಂದ ಕೂಗಿದೆ.

"ಬೆಳಕಿಗೆ ಅಡ್ಡ ನಿಲ್ಲಬೇಡ" ಎಂದರು, ತಲೆ ಎತ್ತದೆ.

ಒಂದೊಂದೇ ಎಳೆ ಬಿಡಿಸಲು ಮೂರು ಮಧ್ಯಾಹ್ನ ಬೇಕಾಯಿತು. ಭಾನುವಾರ ಸಂಜೆ ಕತ್ತರಿ ಹಿಡಿದು ಬಂದ ಅತ್ತೆಗೆ ಕಂಡದ್ದು ಎರಡು ನುಣುಪಾದ ಜಡೆ. ಆಮೇಲೂ ಉಮ್ಮ ದಿನಾ ಬರುತ್ತಿದ್ದರು.

ಅದೇ ವಾರಗಳಲ್ಲಿ ನಾನು ಜಗಲಿಯಲ್ಲಿ ನಿಂತು ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಶಾಲೆಯ ಸ್ಪರ್ಧೆ, ವಿಷಯ, ಕೇಳಿ, ರೋಗಿಗಳ ಸೇವೆ! ಎಂಥೆಂಥ ಮಾತುಗಳು! ಕೇಳಿದವರ ಕಣ್ಣಲ್ಲಿ ನೀರು ಬರಬೇಕು, ಹಾಗೆ ಬರೆದಿದ್ದೆ. ಒಂದು ದಿನ ಒಳಗಿಂದ ಅಮ್ಮನ ಸ್ವರ ಬಂತು: "ಮಗಾ, ಇಲ್ಲಿಗೆ ಸರಿ ಕೇಳುವುದಿಲ್ಲ."

ಹೋಗಿ ಹತ್ತಿರ ಕೂತು ಹೇಳಬಹುದಿತ್ತು. ನಾಲ್ಕು ಹೆಜ್ಜೆ. ನಾನು ಸ್ವರ ಏರಿಸಿದೆ.

ಬಹುಮಾನ ಬಂತು, ಬೆಳ್ಳಿಯ ಬಣ್ಣ ಕೊಟ್ಟ ಒಂದು ಕಪ್. ಅದನ್ನೂ ಹೊಸ್ತಿಲಲ್ಲಿ ನಿಂತೇ ಎತ್ತಿ ತೋರಿಸಿದೆ. ಅಮ್ಮ ನಕ್ಕಳು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಮಳೆಗಾಲ ಮುಗಿಯುವ ಮೊದಲೇ ಅಮ್ಮ ತೀರಿಕೊಂಡಳು. ಇಗರ್ಜಿಗೆ ಒಯ್ಯುವ ಮೊದಲು ಮದುವೆಯ ಸೀರೆ ಉಡಿಸಬೇಕು. ಸಂಬಂಧಿಕರು ಅಂಗಳದಲ್ಲೇ ನಿಂತು ಪ್ರಾರ್ಥನೆ ಹೇಳುತ್ತಿದ್ದರು, ಬಹಳ ಭಕ್ತಿಯಿಂದ. ಉಮ್ಮ ಒಳಗೆ ಬಂದರು. ಅಪ್ಪನೂ ಅವರೂ ಸೇರಿ ಅಮ್ಮನಿಗೆ ಸೀರೆ ಉಡಿಸಿದರು. ಆಮೇಲೆ ಉಮ್ಮ ಹೊಸ್ತಿಲಿಗೆ ಬಂದು, ಅದೇ ಮರದ ಬಾಚಣಿಗೆಯನ್ನು ನನ್ನ ಕೈಯಲ್ಲಿಟ್ಟು ಬದಿಗೆ ಸರಿದರು.

ಎಷ್ಟೋ ತಿಂಗಳ ಮೇಲೆ ನಾನು ಆ ಕೋಣೆಗೆ ಕಾಲಿಟ್ಟೆ. ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಜಡೆ ಬಿಚ್ಚಿ ಬುಡದಿಂದ ತುದಿಯವರೆಗೆ ಬಾಚಿದೆ. ದೇವರೇ, ಒಂದು ಸಿಕ್ಕಾದರೂ ಇರಲಿ, ಒಂದನ್ನಾದರೂ ನಾನು ಬಿಡಿಸುತ್ತೇನೆ ಎಂದು ಬೇಡಿಕೊಂಡೆ. ಎಲ್ಲೂ ಇರಲಿಲ್ಲ. ಹಿಂದಿನ ಮಧ್ಯಾಹ್ನವೂ ಉಮ್ಮ ಬಂದಿದ್ದರು.