ಕಲ್ಲಪ್ಪನವರು ಕೊರೆಯದ ಮೂಲೆ

ಕಲ್ಲಪ್ಪನವರು ನವಲಗುಂದದವರು. ಕೋಲ್ಕತ್ತದ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಒಂದೇ ಕೆಲಸ ಮಾಡಿದರು. ಕಟ್ಟಡ ಏಳುವ ಮೊದಲು ನೆಲ ಕೊರೆಸಿ, ಮಣ್ಣು ಭಾರ ಹೊರುತ್ತದೋ ಇಲ್ಲವೋ ಎಂದು ಬರೆದುಕೊಡುವುದು. ಅರ್ಧ ಊರಿನ ಕೆಳಗೆ ಏನಿದೆ ಎಂದು ಅವರಿಗೆ ಗೊತ್ತಿತ್ತು. ಮೇಲಿದ್ದ ನಾವು ಎಂಥವರು ಎಂಬುದೊಂದು ಗೊತ್ತಿರಲಿಲ್ಲ.

ನಾನು ಉಡುಪಿ ಕಡೆಯವನು, ಬ್ಯಾಂಕಿನಲ್ಲಿದ್ದವನು, ಇಲ್ಲಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಟಾಲಿಗಂಜ್‌ನ ಒಳಗಲ್ಲಿಯಲ್ಲಿ ಸಂಘಕ್ಕೆ ಜಾಗ ಸಿಕ್ಕಿತು. ಎರಡಂತಸ್ತಿನ ಭವನ ಕಟ್ಟುವುದೆಂದಾಯಿತು. ಮಣ್ಣು ಪರೀಕ್ಷೆಗೆ ನಮ್ಮವರೇ ಇದ್ದಾರಲ್ಲ ಎಂದು, ಆಗಷ್ಟೇ ನಿವೃತ್ತರಾಗಿದ್ದ ಕಲ್ಲಪ್ಪನವರನ್ನು ಹಿಡಿದೆವು. ಅವರು ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದರು. ಮೂರು ಕಡೆ ಕೊರೆದದ್ದಾಯಿತು. ನಾಲ್ಕನೆಯದು ಈಶಾನ್ಯ ಮೂಲೆ. ಹಿಂದಿನ ವಾರ ಗುದ್ದಲಿ ಪೂಜೆ ಮಾಡಿ ಕಲಶ ಹೂತಿದ್ದು ಅಲ್ಲೇ. ವಾಸ್ತು ಪ್ರಕಾರ ನೀರಿನ ತೊಟ್ಟಿ ಬರುವುದೂ ಅಲ್ಲೇ.

ಸಂಘದ ಹಿರಿಯರಾದ ರುಕ್ಮಿಣಮ್ಮ ಅಡ್ಡ ನಿಂತರು. "ಪೂಜೆ ಮಾಡಿರೋ ಜಾಗಕ್ಕೆ ಕಬ್ಬಿಣ ಇಳಿಸ್ತೀರಾ? ನಾನಿರೋವರೆಗೂ ಆಗಲ್ಲ."

"ಅಮ್ಮಾರ, ಆ ಮೂಲಿ ನೆಲ ನೋಡ್ರಿ, ನಮ್ಮೂರ ಎರಿ ಮಣ್ಣಿನ ಹೊಲದಂಗ ಬಾಯಿ ಬಿಟ್ಟೈತಿ," ಎಂದರು ಕಲ್ಲಪ್ಪನವರು. "ಇಂಥಾ ಮಣ್ಣು ನೀರು ಕುಡೀತಂದ್ರ ನೆನಸಿದ ಕಡ್ಲಿಯಂಗ ಉಬ್ಬತೈತ್ರಿ. ಗ್ವಾಡೀನ ಎತ್ತತೈತಿ. ಎಷ್ಟು ಆಳ ಐತೋ ಕೊರದs ನೋಡಬೇಕು."

ಅವರ ಪರ ಒಂದು ಮಾತಾಡಬೇಕಾದವನು ನಾನು. ಆಡಿದ್ದು ಹೀಗೆ: "ಹತ್ತು ಹೆಜ್ಜೆ ಈಚೆ ಕೊರೀರಿ ಮಾರಾಯ್ರೆ, ಎಲ್ಲ ಒಂದೇ ನೆಲ ಅಲ್ವಾ?"

ಅವರು ಈಚೆಯೇ ಕೊರೆಸಿದರು. ಆದರೆ ವರದಿಯ ಕೊನೆಯ ಪುಟದಲ್ಲಿ ಕೈಯಾರೆ ಬರೆದಿದ್ದರು: ಈಶಾನ್ಯ ಮೂಲೆ ಕೊರೆದಿಲ್ಲ, ಅಲ್ಲಿ ಪರೀಕ್ಷೆ ಆಗದೆ ಪಾಯ ಹಾಕಕೂಡದು, ತೊಟ್ಟಿ ಕಟ್ಟಕೂಡದು. ಎರಡು ಪ್ರತಿ ತಂದಿದ್ದರು. ಒಂದರ ಆ ಪುಟದ ಕೆಳಗೇ ನನ್ನ ಸಹಿ ಹಾಕಿಸಿಕೊಂಡು ವಾಪಸು ಒಯ್ದರು. ಇನ್ನೊಂದನ್ನು ನಾನು ಕಂಟ್ರಾಕ್ಟರಿಗೆ ಕೊಟ್ಟೆ, ಕೊನೆಯ ಪುಟ ಕಿತ್ತು. ಅಕ್ಷಯ ತದಿಗೆಗೆ ಪಾಯ ಎಂದು ಆಗಲೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಭವನ ಎದ್ದು ಎರಡು ಮಳೆಗಾಲ ಕಳೆಯಿತು. ತೊಟ್ಟಿ ಒಳಗೊಳಗೇ ಸೋರಿ ಈಶಾನ್ಯದ ನೆಲ ಉಬ್ಬಿತು. ಗೋಡೆ ಬುಡದಿಂದ ಕಿಟಕಿಯವರೆಗೆ ಸೀಳಿತು, ಬಾಗಿಲು ಹಾಕಲು ಬರದಾಯಿತು. ಅದೇ ಭವನದಲ್ಲಿ ಸಭೆ ಕರೆದೆವು.

"ಇವರ ರಿಪೋರ್ಟ್ ನಂಬಿ ಕೆಟ್ವಿ," ಎಂದರು ರುಕ್ಮಿಣಮ್ಮ. ಮೂವತ್ತೆರಡು ವರ್ಷ ಇದನ್ನೇ ಮಾಡಿದ್ದಾ ಎಂದು ಹಿಂದಿನಿಂದ ಯಾರೋ ನಕ್ಕರು. ಕಲ್ಲಪ್ಪನವರು ಎದ್ದು ನಿಲ್ಲಲಿಲ್ಲ, ಒಮ್ಮೆ ನನ್ನ ಮುಖ ನೋಡಿದರು. ನಾನು ನಡಾವಳಿ ಪುಸ್ತಕಕ್ಕೆ ತಲೆ ಬಗ್ಗಿಸಿದೆ. ಅವರ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯುವ ಠರಾವನ್ನು ದುಂಡಗೆ ಬರೆದವನೂ ನಾನೇ. ನಾಚಿಕೆಗೆಟ್ಟ ಕೈ, ಒಂದಕ್ಷರವೂ ನಡುಗಲಿಲ್ಲ.

ಈ ಡಿಸೆಂಬರಿನಲ್ಲಿ ದುರಸ್ತಿಗೆ ಮುನ್ನ ಮಣ್ಣು ಪರೀಕ್ಷೆಯ ಹೊಸಬರು ಬಂದು ಆ ಮೂಲೆಯನ್ನು ಕೊರೆದರು. ಕಲಶದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಹದಿನಾಲ್ಕು ಅಡಿಯವರೆಗೂ ಕಲ್ಲಪ್ಪನವರು ಹೇಳಿದ ಮಣ್ಣೇ. ಒಂದು ಮುದ್ದೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಲೇಕ್ ಮಾರ್ಕೆಟ್ ಹಿಂದಿನ ಅವರ ಮನೆಗೆ ಹೋದೆ. ತಪ್ಪೊಪ್ಪಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಲ್ಲಿ ಕೂತ ಮೇಲೆ, "ನೀವು ಹೇಳಿದ್ದೇ ಸರಿಯಾಯ್ತು" ಎಂದಷ್ಟೇ ಬಾಯಿಂದ ಬಂತು.

ಅವರು ಮಣ್ಣನ್ನು ಬೆರಳಲ್ಲಿ ಹಿಸುಕಿ, "ಎರಿ" ಎಂದರು. ಕೈ ತೊಳೆದು ಬಂದು, ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ನನ್ನ ಮುಂದಿಟ್ಟರು. ಕೊನೆಯ ಪುಟ. ಕೆಳಗೆ ನನ್ನ ಸಹಿ, ತಾರೀಖು.

"ಇದು ನಿಮ್ಮ ಹತ್ರ ಇತ್ತಲ್ಲ," ಎಂದೆ. "ಸಭೆಯಲ್ಲಿ ಯಾಕೆ ತೋರಿಸ್ಲಿಲ್ಲ?"

"ಅವತ್ತೂ ಕಿಸೇದಾಗ ಇತ್ರಿ," ಎಂದರು. "ನೀವs ಹೇಳ್ತೀರಿ ಅಂತ ಕುಂತಿದ್ದೆ."