ಟೈಲರಮ್ಮನ ಬಲಮಂಡಿ

ನಮ್ಮ ಶಾಲೆಯ ಎದುರಿನ ಕೋಣೆಯಲ್ಲಿ ಟೈಲರಮ್ಮ ಹೊಲಿಯುತ್ತಿದ್ದರು. ಒಂದೇ ಕಿಟಕಿ, ಅದರ ಬೆಳಕು ಸೂಜಿಯ ಮೇಲೆ ಬೀಳುವಂತೆ ಇಟ್ಟ ಕಾಲುಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಕಾಜಾ ಗುಂಡಿ ಹಾಕುತ್ತ ಕೂರುವ ನಾದಿನಿ. ಇಷ್ಟೇ ಅಂಗಡಿ. ಮೋಟಾರು ಹಾಕಿಸಿಕೊಳ್ಳಿ ಎಂದವರಿಗೆ, “ಕಾಲು ನಾನು ಹೇಳಿದ ಕಡೆ ನಿಲ್ಲುತ್ತೆ, ಮೋಟಾರು ತನಗೆ ತೋಚಿದ ಕಡೆ ನಿಲ್ಲುತ್ತೆ” ಎನ್ನುತ್ತಿದ್ದರು.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ವರ್ಷ ಮಕ್ಕಳ ಸಮವಸ್ತ್ರವನ್ನೆಲ್ಲ ಅವರೇ ಹೊಲಿದುಕೊಟ್ಟರು. ಆಮೇಲೆ ಒಂದು ದಾರದ ರೀಲು ಹಳತಾಗಿ ಜೀರ್ಣವಾಗಿದ್ದುದು ತಿಳಿಯಿತು. ಅದು ಯಾವ ಅಂಗಿಗೆ ಹೋಗಿತ್ತೋ ಗೊತ್ತಿಲ್ಲ. ಟೈಲರಮ್ಮ ಎಲ್ಲ ಅಂಗಿಗಳನ್ನೂ ವಾಪಸು ತರಿಸಿದರು. “ನಮ್ಮ ಹುಡುಗನದು ಗಟ್ಟಿಯಾಗಿದೆ, ಬಿಡಿ” ಎಂದ ತಾಯಂದಿರ ಎದುರಿಗೇ ಹೊಲಿಗೆಯನ್ನು ಹಿಡಿದು ಜಗ್ಗುತ್ತಿದ್ದರು. ಕೆಲವು ಪರ್ರನೆ ಬಿಟ್ಟುಕೊಂಡವು. ಮಿಕ್ಕವನ್ನೂ ಅವರು ಬಿಡಲಿಲ್ಲ. ಬಿಚ್ಚಿ ಹೊಸ ದಾರದಲ್ಲಿ ಹೊಲಿದರು.

ಪೆಡಲು ಒತ್ತಿ ಒತ್ತಿ ಅವರ ಬಲಮಂಡಿ ಸವೆದುಹೋದಾಗ ಡಾಕ್ಟರು ಆಪರೇಷನ್ ಮಾಡಿ ಕೃತಕ ಮಂಡಿ ಕೂರಿಸಿದರು. ಕೆಲವು ತಿಂಗಳಲ್ಲೇ ಅವರು ಮಿಷನ್ನಿಗೆ ಮರಳಿದರು. ನಾನು ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಆ ಅಂಗಡಿಯ ಸ್ಟೂಲಿನ ಮೇಲೆ ಪತ್ರಿಕೆ ಓದುತ್ತ ಕೂರುವುದು ವಾಡಿಕೆಯಾಯಿತು.

ಒಂದು ದಿನ ಆಸ್ಪತ್ರೆಯಿಂದ ಫೋನು ಬಂತು. ಟೈಲರಮ್ಮನ ಕೈಯಲ್ಲಿ ಬಟ್ಟೆಯಿದ್ದುದರಿಂದ ನಾದಿನಿ ಸ್ಪೀಕರು ಹಾಕಿದರು.

“ಅಮ್ಮಾ, ನಿಮ್ಮ ಮಂಡಿಯಲ್ಲಿ ಎರಡು ಲೋಹದ ನಡುವೆ ಒಂದು ಪ್ಲಾಸ್ಟಿಕ್ ತುಂಡು ಇದೆ” ಎಂದರು ನರ್ಸು. “ಆ ತುಂಡುಗಳನ್ನ ಪ್ಯಾಕ್ ಮಾಡಿದ್ದು ಸರಿಯಿರಲಿಲ್ಲವಂತೆ. ಒಳಗೆ ಗಾಳಿ ಸೇರಿ ಬೇಗ ಸವೀಬಹುದು ಅಂತ ಕಂಪನಿಯವರು ವಾಪಸ್ ತಗೊಳ್ತಿದಾರೆ. ನಿಮ್ಮದೂ ಅದೇ ತಯಾರಿಕೆ. ನೋವು, ಊತ, ಶಬ್ದ ಏನಾದರೂ ಇದೆಯಾ?”

“ಏನೂ ಇಲ್ಲ.”

“ಆದರೂ ಒಂದು ಸಲ ಬಂದು ಎಕ್ಸ್‌ರೇ ತೆಗೆಸಿಬಿಡಿ.”

“ಅಂಗಡಿಯಲ್ಲಿರೋದನ್ನ ವಾಪಸ್ ತಗೊಳ್ಳಲಿ. ನನ್ನ ಕಾಲೊಳಗಿರೋದು ನಂದು” ಎಂದು ಟೈಲರಮ್ಮ ಮಿಷನ್ನು ತುಳಿಯತೊಡಗಿದರು.

ಪೆಡಲು ಕೆಳಗಿಳಿದಾಗಲೆಲ್ಲ ‘ಟಕ್’ ಎಂಬ ಸಣ್ಣ ಶಬ್ದ. ಅದು ಕೆಲವು ವಾರಗಳಿಂದ ನನಗೆ ರೂಢಿಯಾಗಿಹೋಗಿತ್ತು. ಮಿಷನ್ನಿಗೆ ವಯಸ್ಸಾಯಿತು ಎಂದು ಟೈಲರಮ್ಮ ಎಣ್ಣೆ ಬಿಟ್ಟಿದ್ದರು, ಬೆಲ್ಟು ಬದಲಿಸಿದ್ದರು, ಪೆಡಲಿನ ಕೆಳಗೆ ಬಟ್ಟೆಯ ಚೂರು ತುರುಕಿದ್ದರು. ಅಂದು ಮಾತ್ರ ಆ ಶಬ್ದ ಕೇಳಿ ನಾನು ಪತ್ರಿಕೆ ಕೆಳಗಿಳಿಸಿದೆ. ನಾದಿನಿಯೂ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದರು.

“ಅತ್ತಿಗೆ, ಸಂಜೆ ಹೊತ್ತಿಗೆ ನಿಮ್ಮ ಮಂಡಿ ಊದಿರುತ್ತೆ.”

“ಕೂತೂ ಕೂತೂ ಊದುತ್ತೆ. ನಿನ್ನ ಮೂತಿ ಊದೋದಿಲ್ವೇ, ಹಾಗೆ.”

“ಮೆಟ್ಟಿಲು ಇಳಿಯೋವಾಗ ಗೋಡೆ ಹಿಡೀತೀರಿ.”

“ಬಾಯಿ ಮುಚ್ಚಿಕೊಂಡು ಗುಂಡಿ ಹಾಕು” ಎಂದರು. ದನಿಯಲ್ಲಿ ಹುರುಪಿರಲಿಲ್ಲ. ಒಂದು ಸಾಲು ಹೊಲಿದ ಮೇಲೆ ತಾವಾಗಿಯೇ ಹೇಳಿದರು: “ಮೇಷ್ಟ್ರೇ, ಇನ್ನೊಂದು ಸಲ ಕೊಯ್ದರೆ ನನಗೆ ತುಳಿಯೋಕಾಗುತ್ತೋ ಇಲ್ಲವೋ. ತುಳಿಯದಿದ್ದರೆ ನಾನು ಯಾರು?”



ಮರುದಿನ ಅವರು ಕರೆಸಿದ್ದು ಡಾಕ್ಟರನ್ನಲ್ಲ, ಮಿಷನ್ ರಿಪೇರಿಯವನನ್ನು. ಅವನು ಬೆಲ್ಟು ಕಳಚಿ, ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿದ. ಸದ್ದಿಲ್ಲ. ನೆಲದ ಮೇಲೆ ಕೂತು ಪೆಡಲನ್ನು ಅಂಗೈಯಿಂದ ಒತ್ತಿ ಬಿಟ್ಟ. ಗಾಲಿ ಬೆಣ್ಣೆಯ ಹಾಗೆ ತಿರುಗಿತು.

“ಅಕ್ಕಾ, ಮಿಷನ್ನು ನನಗಿಂತ ಗಟ್ಟಿಯಾಗಿದೆ. ನೀವೇ ತುಳೀರಿ ನೋಡೋಣ.”

ಟೈಲರಮ್ಮ ಕೂತರು. ತುಳಿದರು. ಟಕ್.

“ಪೆಡಲಿಂದ ಕಾಲು ತೆಗೀರಿ. ಬರೀ ನೆಲದ ಮೇಲೆ ಹಾಗೇ ಮಾಡಿ.”

ಅವರು ಕದಲಲಿಲ್ಲ. ಸೀರೆಯ ನೆರಿಗೆಯನ್ನು ಮಂಡಿಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಬಾಗಿಲಿನ ಕಡೆ ನೋಡುತ್ತಿದ್ದರು. ಹೊರಗೆ ಶಾಲೆಯ ಗಂಟೆ ಹೊಡೆದು ನಿಂತಿತು. ಕೊನೆಗೆ ಕಾಲನ್ನು ಪಕ್ಕಕ್ಕೆ ಸರಿಸಿ, ಮಂಡಿ ಮಡಿಸಿ ಚಾಚಿದರು.

ಟಕ್.

ರಿಪೇರಿಯವನು ಎದ್ದು ಸ್ಪಾನರನ್ನು ಚೀಲಕ್ಕೆ ಹಾಕಿಕೊಂಡ. ನಾದಿನಿ ಮೆಲ್ಲಗೆ ಹೇಳಿದರು: “ಅತ್ತಿಗೆ, ಆ ಕೆಟ್ಟ ದಾರದ ವರ್ಷ ಅಂಗಿ ಕೊಡೋಲ್ಲ ಅಂದವರ ಮನೆಬಾಗಿಲಲ್ಲಿ ನೀವೇ ಹೋಗಿ ನಿಂತಿರಲಿಲ್ವಾ?”

ಟೈಲರಮ್ಮ ಅವರನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಬೆಲ್ಟನ್ನು ಸುತ್ತಿ ಖಾನೆಯೊಳಗಿಟ್ಟು, “ಆಟೋ ಕರಿ” ಎಂದರು.

ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನಾದಿನಿ ನನ್ನ ಕೊಡೆಯ ಹಿಡಿಯನ್ನು ತಿರುವುತ್ತಲೇ ಇದ್ದರು, ನಾನು ಬೇಡವೆನ್ನಲಿಲ್ಲ.

“ಪ್ಲಾಸ್ಟಿಕ್ ಒಂದು ಕಡೆ ಸವೆದುಬಿಟ್ಟಿದೆ. ಮೂಳೆಗೆ ಇನ್ನೂ ಏನೂ ಆಗಿಲ್ಲ. ತೆಗೆದು ಬೇರೆ ತುಂಡು ಹಾಕಬೇಕು.”

“ಆಮೇಲೆ ಮಿಷನ್ನು ತುಳೀಬಹುದಾ?”

“ಈಗ ಹಾಕಿಸಿಕೊಂಡರೆ ತುಳೀಬಹುದು ಅಂತ ನನ್ನ ನಂಬಿಕೆ. ಮೂಳೆ ಕೆಟ್ಟ ಮೇಲೆ ಬಂದಿದ್ದರೆ ಹೀಗೆ ಹೇಳೋಕಾಗ್ತಿರಲಿಲ್ಲ.”

ಟೈಲರಮ್ಮ ಸೀರೆಯ ನೆರಿಗೆಯನ್ನು ಮಂಡಿಯ ಮೇಲೆ ಸರಿಮಾಡಿಕೊಂಡರು. “ಹಾಕಿ. ಹಾಕೋ ಮುಂಚೆ ಒಂದು ಸಲ ಜಗ್ಗಿ ನೋಡಿಬಿಡಿ” ಎಂದರು.

ಆ ಆಪರೇಷನ್ನಿನ ನಂತರ ಅವರು ಕೋಲು ಬಿಟ್ಟು ಅಂಗಡಿಗೆ ಬಂದ ಬೆಳಗ್ಗೆ ನಾನು ಪತ್ರಿಕೆಯನ್ನು ಬಿಡಿಸಲೇ ಇಲ್ಲ. ಬೆಲ್ಟು ಇನ್ನೂ ಖಾನೆಯಲ್ಲೇ ಇತ್ತು. ಟೈಲರಮ್ಮ ಮಿಷನ್ನಿನ ಮುಂದೆ ಕೂತು, ಕಾಲನ್ನು ನೆಲದ ಮೇಲಿಟ್ಟು, ಮಂಡಿ ಮಡಿಸಿದರು, ಚಾಚಿದರು. ಮತ್ತೊಮ್ಮೆ ಮಡಿಸಿದರು. ಮೂವರೂ ಕಿವಿಗೊಟ್ಟೆವು. ಕಿಟಕಿಯಾಚೆ ಮಕ್ಕಳು ಮಗ್ಗಿ ಹೇಳುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅವರು ಮತ್ತೆ ಚಾಚಿದರು.

“ಸಾಕು ಅತ್ತಿಗೆ, ಬೆಲ್ಟು ಹಾಕಿ” ಎಂದರು ನಾದಿನಿ. “ಗುಂಡಿ ಹಾಕೋಣ ಅಂದ್ರೆ ಒಂದು ಅಂಗಿಯೂ ಇಲ್ಲ.”