ಬಿರಾದಾರರು ತುಂಬಿಸದ ಕೊಡಗಳು

ಕೊಡದ ಹೊಟ್ಟೆಗೆ ಬೆರಳಿನ ಗೆಣ್ಣಿನಿಂದ ಒಂದು ಪೆಟ್ಟು ಕೊಟ್ಟರೆ ಸಾಕು, ಒಳಗೆ ಎಷ್ಟು ನೀರಿದೆಯೆಂದು ಮಲಕಪ್ಪ ಬಿರಾದಾರರು ಹೇಳಿಬಿಡುತ್ತಿದ್ದರು. "ಮುಕ್ಕಾಲ ಐತಿ. ಇನ್ನೂ ಎರಡ ಚರಿಗಿ ಹಿಡೀತದ." ಬಗ್ಗಿ ನೋಡಿದರೆ ಅಷ್ಟೇ ಇರುತ್ತಿತ್ತು. ಬಿಜಾಪುರ ಕಡೆಯ ಈ ಆರಡಿ ಮನುಷ್ಯ ಮುಂಬಯಿ ಪಕ್ಕದ ಠಾಣೆಯ ನಮ್ಮ ನೀರಿನ ಕಚೇರಿಯಲ್ಲಿ ಸರ್ವೆ ಮಾಡುವವರು. ನಾನು ಉಡುಪಿ ಕಡೆಯವಳು, ಅಲ್ಲಿ ಟೈಪಿಸ್ಟ್. ಇಡೀ ಕಚೇರಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವರ ಕನ್ನಡ ನನಗೆ ತಿಳಿಯಲು ಆರು ತಿಂಗಳು ಹಿಡಿಯಿತು. ನನ್ನ ಕನ್ನಡ ಕೇಳಿದರೆ ಅವರಿಗೆ ಯಾವಾಗಲೂ ನಗು. "ನೀ ಪುಸ್ತಕ ಓದಿದಂಗ ಮಾತಾಡ್ತಿ ನೋಡು, ತಂಗಿ," ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುಭಾಗ. ಕಲ್ಯಾಣದ ಹೊರಗೆ ಗುಡ್ಡದ ಬುಡದಲ್ಲಿ ಗುಲ್ಬರ್ಗಾ, ಬಿಜಾಪುರದಿಂದ ಬಂದ ಗೌಂಡಿಗಳ ಒಂದು ವಸ್ತಿ ಇತ್ತು. ಊರಿಗೆಲ್ಲ ಬಿಲ್ಡಿಂಗು ಕಟ್ಟಿಕೊಟ್ಟವರಿಗೆ ಕುಡಿಯಲು ಒಂದು ನಳ ಇರಲಿಲ್ಲ. ಹೆಂಗಸರು ರೈಲು ಹಳಿ ದಾಟಿ ಹೋಗಿ ನೀರು ಹೊತ್ತು ತರುತ್ತಿದ್ದರು. ಹೊಸ ನೀರಿನ ಯೋಜನೆಯಲ್ಲಿ ಈ ವಸ್ತಿಯನ್ನೂ ಸೇರಿಸಬೇಕೆಂಬುದು ಬಿರಾದಾರರ ಹಟ. ಸೇರಿಸಬೇಕಾದರೆ ಮನೆಮನೆಯ ಸರ್ವೆ ಆಗಬೇಕು, ಸರ್ವೆಗೆ ಮೇಲಿನ ಕಚೇರಿಯ ಮಂಜೂರಿ ಬೇಕು.

ಮಂಜೂರಿಗೆ ಕಳಿಸಿದ ಸರ್ವೆ ಫಾರ್ಮು ಆಕ್ಷೇಪಣೆಯೊಂದಿಗೆ ಹಿಂದೆ ಬಂತು. "ದಿನಕ್ಕೆ ಎಷ್ಟು ಕೊಡ ನೀರು ಸಿಗುತ್ತದೆ ಎಂದು ಕೇಳಿದ್ದೀರಿ. ಕೊಡ ಎಂದರೆ ಎಷ್ಟು? ಮಾದರಿ ಸಲ್ಲಿಸಿ." ಬೇರೆಯವರಾಗಿದ್ದರೆ ಲೀಟರು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಮಹಾರಾಯರು ಮರುದಿನ ಬೆಳಗಿನ ಲೋಕಲ್ ರೈಲಿನ ಆ ನೂಕುನುಗ್ಗಲಿನಲ್ಲಿ ವಸ್ತಿಯ ಒಂಬತ್ತು ಕೊಡಗಳನ್ನು ಹಗ್ಗಕ್ಕೆ ಪೋಣಿಸಿಕೊಂಡು ಬಂದರು! ಎಲ್ಲವನ್ನೂ ಅಳೆದು, ನಡುವಿನದೊಂದನ್ನು ಆರಿಸಿ, ಕೊರಳಿಗೆ ರವಾನೆಯ ಜಾವಕ ನಂಬರಿನ ಚೀಟಿ ಕಟ್ಟಿ ಮೇಲಕ್ಕೆ ಕಳಿಸಿದರು. ನಾಲ್ಕು ತಿಂಗಳ ಮೇಲೆ ಅದು ಒಂದು ಕಡೆ ನೆಗ್ಗಿಕೊಂಡು ಹಿಂದೆ ಬಂತು. ಹೊಟ್ಟೆಯ ಮೇಲೆ ನೀಲಿ ಶಾಯಿಯ ಮೊಹರು: ಮಂಜೂರು. ನಾನು ನಕ್ಕು ನಕ್ಕು ಟೈಪ್‌ರೈಟರಿನ ಮೇಲೆ ಬಿದ್ದೆ. "ನಗಬ್ಯಾಡ ತಂಗಿ, ನೆಗ್ಗಿದ್ದು ಲೆಕ್ಕಕ್ಕ ಹಿಡೀಬೇಕೋ ಬಿಡಬೇಕೋ ಹೇಳು," ಎಂದು ಅವರು ನಿಜಕ್ಕೂ ಚಿಂತೆಯಿಂದ ಕೇಳಿದರು.

ಅಂತೂ ಸರ್ವೆ ಆಯಿತು. ಅದನ್ನು ತಾಳೆ ನೋಡಲು ನಮ್ಮ ಕಚೇರಿಯ ಸಾಹೇಬರು ಸ್ವತಃ ವಸ್ತಿಗೆ ಹೊರಟರು. ಬರೆದುಕೊಳ್ಳಲು ನನ್ನನ್ನೂ ಕರೆದೊಯ್ದರು. ಹೋಗಿ ನೋಡಿದರೆ, ಅಯ್ಯೋ ದೇವರೇ! ಪ್ರತಿ ಬಾಗಿಲ ಮುಂದೂ ಸಾಲಾಗಿ ಕೊಡಗಳು, ಕಂಠಮಟ್ಟ ನೀರು, ಮೇಲೆ ಮಾವಿನೆಲೆ. ಸಾಹೇಬರ ಮುಖ ಅರಳಿತು. ಅಲ್ಲೇ ನಿಂತು ಷರಾ ಬರೆಸಿದರು: "ನೀರು ಯಥೇಚ್ಛವಾಗಿದೆ. ಯೋಜನೆಯ ಅಗತ್ಯವಿಲ್ಲ."

ಬಿರಾದಾರರು ವಸ್ತಿಯ ಹಿರಿಯಳಾದ ಶರಣಮ್ಮನ ಎದುರು ತಲೆತಲೆ ಚಚ್ಚಿಕೊಂಡರು. "ಯವ್ವಾ, ಏನ ಮಾಡಿಟ್ಟೀಬೇ?"

"ಏನ ಮಾಡೀವೋ ಯಪ್ಪಾ? ದೊಡ್ಡವ್ರು ಬರೂ ಮುಂದ ಖಾಲಿ ಕೊಡ ಇದುರಿಗಿ ಇಡಬೇಕೇನು? ಬಂದ ಕೆಲಸ ಕೆಡಂಗಿಲ್ಲೇನು?"

ಕೆಲಸ ಕೆಡಬಾರದೆಂದೇ ಅವರು ನಸುಕಿನಿಂದ ಹಳಿ ದಾಟಿ ದಾಟಿ ಅಷ್ಟೂ ನೀರು ತಂದಿದ್ದರು. ಬಿರಾದಾರರು ಸಾಹೇಬರಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದರು. "ನಾನು ಕಣ್ಣಾರೆ ಕಂಡದ್ದು ಸುಳ್ಳೇ?" ಎಂದು ಸಾಹೇಬರು ಕೆಂಪಾದರು. ಮತ್ತೆ ಸರ್ವೆ ಮಾಡಲು ಹೊಸ ಮಂಜೂರಿ ಬೇಕು, ಅದರ ಫಾರ್ಮಿನಲ್ಲಿ ಒಂದು ಕಲಮು: ಹಿಂದಿನ ತಪ್ಪು ಯಾರದು? ಸಾಹೇಬರದು ಎನ್ನುವಂತಿಲ್ಲ. ಜನರದು ಎಂದರೆ ಮೋಸ ಮಾಡಿದ ವಸ್ತಿಯೆಂದು ಫೈಲೇ ಮುಚ್ಚಿಹೋಗುತ್ತದೆ.

"ಉಳಿದಾಂವ ನಾನ. ಟೈಪ್ ಮಾಡು ತಂಗಿ. ಸಾಹೇಬರನ್ನ ಮೆಚ್ಚಸಾಕ ಬಿರಾದಾರನೇ ಕೊಡ ತುಂಬಿಸಿಟ್ಟಿದ್ದ ಅಂತ."

ಆ ತಿಂಗಳೇ ಅವರಿಗೆ ಬಡ್ತಿ ಆಗುವುದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ನಿಮಗೆ ಮಂಡೆ ಸಮ ಇಲ್ವಾ ಮಾರಾಯ್ರೇ?"

"ನನ್ನ ತಲಿ ಸರಿ ಐತಿ. ಫಾರ್ಮ್ ಹಂಗೈತಿ," ಎಂದು ಕಾಗದವನ್ನು ತಾವೇ ಯಂತ್ರಕ್ಕೆ ಸೇರಿಸಿದರು.

ಮೆಮೊ ಬಂತು. ಬಡ್ತಿ ಹೋಯಿತು. ಬಿರಾದಾರರನ್ನು ನವಿ ಮುಂಬಯಿಯ ಯಾವುದೋ ಗೋದಾಮಿನಲ್ಲಿ ಹಳೆಯ ಪೈಪು ಕಾಯಲು ಹಾಕಿದರು. ಎರಡನೆಯ ಸರ್ವೆಯ ಫೈಲು ಮೇಲೆ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಒಂದು ದಿನ ಶರಣಮ್ಮ ಒಂದು ಕಾಗದ ಹಿಡಿದು ಠಾಣೆಗೆ ಬಂದು, ನೇರ ಸಾಹೇಬರ ಮೇಜಿನ ಮೇಲಿಟ್ಟಳು. ಕನ್ನಡದ ಬರಹ, ಕೆಳಗೆ ಪುಟದ ತುಂಬ ಹೆಬ್ಬೆಟ್ಟು. ಸಾಹೇಬರು ನನ್ನನ್ನು ಕರೆದರು. "ಕಾಯ್ ಲಿಹಿಲಂಯ್ ಯಾತ್?"

ಏನು ಬರೆದಿದೆಯೆಂದು ಹೇಳಲಿ? "ಕೊಡ ತುಂಬಿದವರು ನಾವು. ಬಿರಾದಾರ ಸಾಹೇಬ್ರದು ಏನೂ ತಪ್ಪಿಲ್ಲ. ಅವರ ಮ್ಯಾಲಿನ ಸುಳ್ಳ ತೆಗೀರಿ" ಎಂದಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದರೆ ಬಿರಾದಾರರ ಮಾನ ಉಳಿಯುತ್ತಿತ್ತು, ವಸ್ತಿಯ ನಳ ಹೋಗುತ್ತಿತ್ತು. ಮರಾಠಿ ಬಾರದ ಶರಣಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಸಾಹೇಬರಿಗೆ, "ತಮ್ಮ ಭೇಟಿಯಿಂದ ವಸ್ತಿಗೆ ಬಹಳ ಸಂತೋಷವಾಗಿದೆಯಂತೆ," ಎಂದೆ. ಸಾಹೇಬರು ನಕ್ಕು, "ಫೈಲಿಗೆ ಹಾಕಿ" ಎಂದು ಮೂಲೆಯಲ್ಲಿ ಬರೆದು ಸಹಿ ಹಾಕಿದರು. ಶರಣಮ್ಮ ನನಗೆ ಕೈಮುಗಿದು, "ನಿನಗ ಪುಣ್ಯ ಬರ್ಲಿ ಮಗಳ," ಎಂದಳು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಸಂಜೆ ಗೋದಾಮಿಗೆ ಫೋನು ಮಾಡಿ ಹೇಳಿದರೆ ಬಿರಾದಾರರು ಗಹಗಹಿಸಿ ನಕ್ಕರು. "ಶಾಣ್ಯಾ ಅದಿ ತಂಗಿ! ಹಂಗ ಬಾಯಿ ಮುಚ್ಚಿಕೊಂಡಿರು."

ಎರಡು ವರ್ಷಕ್ಕೆ ವಸ್ತಿಗೆ ನಳ ಬಂತು. ಬಿರಾದಾರರು ಮೆಮೊ ಹೊತ್ತುಕೊಂಡೇ ನಿವೃತ್ತರಾದರು, ಮರುವರ್ಷ ಡೊಂಬಿವಲಿಯ ಮನೆಯಲ್ಲಿ ತೀರಿಕೊಂಡರು. ಹದಿನೈದು ದಿನಕ್ಕೆ ಅವರ ಮಗ ಕಚೇರಿಗೆ ಬಂದ. ಇಲ್ಲೇ ಹುಟ್ಟಿದ ಹುಡುಗ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಕೈಯಲ್ಲಿ ಆ ಮೆಮೊ. "ಕಾಕೂ, ಪಪ್ಪಾಂನಿ ಖರಂಚ್ ಫಸವಲಂ ಹೋತಂ ಕಾ?" ಎಂದ. ಅಪ್ಪ ನಿಜವಾಗಿ ಮೋಸ ಮಾಡಿದ್ದರೇ ಎಂದು ಕೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ನಾನು ಕಪಾಟಿನಿಂದ ಹಳೆಯ ಫೈಲು ತೆಗೆದೆ. ಅವನನ್ನು ಎದುರಿಗೆ ಕೂರಿಸಿಕೊಂಡು, ಶರಣಮ್ಮ ತಂದ ಕಾಗದವನ್ನು ಒಂದಕ್ಷರ ಬಿಡದೆ, ಬರೆದಿದ್ದಂತೆಯೇ ಓದಿದೆ. ಕೆಳಗೆ ಹೆಬ್ಬೆಟ್ಟುಗಳ ಪಕ್ಕ ಬರೆದಿದ್ದ ಹೆಸರುಗಳನ್ನೂ ಒಂದೊಂದಾಗಿ ಓದತೊಡಗಿದೆ. ಐದಾರು ಹೆಸರಾಗುವಷ್ಟರಲ್ಲಿ ಹುಡುಗ ಮೇಜಿಗೆ ತಲೆಯಿಟ್ಟು ಅಳತೊಡಗಿದ. ಹೆಸರುಗಳು ಮುಗಿಯುವವರೆಗೆ ನಾನು ಓದುವುದನ್ನು ನಿಲ್ಲಿಸಲಿಲ್ಲ.